ಉಗ್ಗಿನ ಹೊಣೆ ಯಾರ ಮೇಲೆ? ನಾಲಗೆ, ಕೈ, ತಾಯಿ, ಭಾಷೆ, ಮಿದುಳು

ಪ್ರಬಂಧಕ್ಕೆ ಹೋಗುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ನಾನು ಮಾತಾಡುವಾಗ ನಡುವೆ ಧ್ವನಿ ನಿಂತರೆ ಅದು ನೆಟ್‌ವರ್ಕಿನ ತೊಂದರೆ ಅಲ್ಲ. ನಾನು ಉಗ್ಗುತ್ತೇನೆ. ಹಿಂದಿನ ಒಂದು ಗೋಷ್ಠಿಯಲ್ಲಿ ಪ್ರಶ್ನೆ ಕೇಳಲು ಮೈಕ್ ಆನ್ ಮಾಡಿದ್ದೆ. ಹೆಸರು, ಊರು ಹೇಳಿ ಶುರುಮಾಡಬೇಕಿತ್ತು. ಊರಿನ ಮೊದಲ ಅಕ್ಷರ ಗಂಟಲಲ್ಲೇ ಸಿಕ್ಕಿಕೊಂಡಿತು. ಆಗ ಯಾರೋ, "ನಿಮ್ಮ ಆಡಿಯೊ ಕಟ್ಟಾಗ್ತಾ ಉಂಟು, ಒಮ್ಮೆ ಹೊರಗೆ ಹೋಗಿ ಪುನಃ ಜಾಯಿನ್ ಆಗಿ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನಾನು ಹೊರಗೆ ಹೋದೆ. ಪುನಃ ಜಾಯಿನ್ ಆಗಲಿಲ್ಲ.

ನನಗೆ ಬಹಳ ಕಷ್ಟದ ಅಕ್ಷರ 'ಕ'. ಊರು ಕುಂಬಳೆ, ಜಿಲ್ಲೆ ಕಾಸರಗೋಡು, ರಾಜ್ಯ ಕೇರಳ, ಓದುವುದು ಕನ್ನಡ. (ಈ ಬರಹರೂಪದಲ್ಲಿ ನನ್ನ ನಿಲುಗಡೆಗಳು ಕಾಣಿಸುವುದಿಲ್ಲ. ಧ್ವನಿಮುದ್ರಣ ಕೇಳಿ ಬರೆದುಕೊಂಡ ಗೆಳತಿ ಅವನ್ನೆಲ್ಲ ಬಿಟ್ಟು ಮಾತನ್ನು ಮಾತ್ರ ಉಳಿಸಿದ್ದಾಳೆ. 20 ನಿಮಿಷದ ಪ್ರಬಂಧಕ್ಕೆ ನನಗೆ 35 ನಿಮಿಷ ಯಾಕೆ ಬೇಕಾಯಿತು ಎಂದು ಓದುವವರಿಗೆ ತಿಳಿಯದು.)

ನಾನು ಸಾಹಿತ್ಯದ ವಿದ್ಯಾರ್ಥಿ, ನರವಿಜ್ಞಾನ ನನ್ನ ಕ್ಷೇತ್ರವಲ್ಲ. ಆದರೂ ಉಗ್ಗಿನ ಸಂಶೋಧನೆಯ ಚರಿತ್ರೆಯನ್ನು ಈ ವೇದಿಕೆಗೆ ತಂದದ್ದಕ್ಕೆ ಕಾರಣ ಉಂಟು. ಆ ಚರಿತ್ರೆಯೊಳಗೆ ಒಂದು ಕಡೆ ನಮ್ಮಂಥವರ ವಿಷಯ ಬರುತ್ತದೆ. ಎರಡು ಮೂರು ಭಾಷೆಗಳ ನಡುವೆ ಬೆಳೆದ ಮಕ್ಕಳ ವಿಷಯ ಅದು.

ನಮ್ಮ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಇದು ಕಾಸರಗೋಡಿನ ಉತ್ತರ ಭಾಗದಲ್ಲಿ ವಿಶೇಷವೇನೂ ಅಲ್ಲ. ನನಗೆ ಉಗ್ಗು ಶುರುವಾದದ್ದು ನಾಲ್ಕನೆಯ ವರ್ಷದಲ್ಲಿ. ಅಜ್ಜಿ ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸಿದರು. ನೆರೆಮನೆಯ ಮಲಯಾಳಿ ಅಮ್ಮನೂ ಅದನ್ನೇ ಕೊಡಿ ಅಂದರು, ಅವರು ಅದಕ್ಕೆ 'ವಯಂಬು' ಅನ್ನುತ್ತಾರೆ. ಮಾವನೂ ಉಗ್ಗುತ್ತಿದ್ದರಿಂದ "ಮಾವನನ್ನು ಅಣಕಿಸಿ ಅಣಕಿಸಿ ಬಂದದ್ದು" ಎಂಬ ಮಾತೂ ಇತ್ತು. ಏಳು ವರ್ಷವಾದಾಗ ಅಮ್ಮ ನನ್ನನ್ನು ಪೇಟೆಯ ಒಬ್ಬ ವೈದ್ಯರಲ್ಲಿಗೆ ಕರೆದುಕೊಂಡು ಹೋದರು. ಅವರು ಐದು ನಿಮಿಷ ನೋಡಿದರು. "ಮೂರು ಭಾಷೆ ಈ ಮಗುವಿನ ತಲೆಗೆ ಜಾಸ್ತಿಯಾಗಿದೆ. ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡಿಸಿ" ಅಂದರು. ಯಾವುದನ್ನು ಇಟ್ಟುಕೊಳ್ಳುವುದು ಅಂತ ಅಮ್ಮ ಕೇಳಿದರು. ಮುಂದೆ ಕೆಲಸಕ್ಕೆ ಬೇಕಾಗುವುದು ಮಲಯಾಳ ಅಲ್ಲವಾ ಎಂದು ಉತ್ತರ.

ಹಾಗೆ ಕನ್ನಡ ಮಾಧ್ಯಮದಿಂದ ನನ್ನನ್ನು ತೆಗೆದು ಮಲಯಾಳ ಮಾಧ್ಯಮಕ್ಕೆ ಹಾಕಿದರು. ಮನೆಯಲ್ಲಿ ನನ್ನ ಹತ್ತಿರ ಯಾರೂ ತುಳು ಮಾತಾಡಬಾರದು ಎಂದಾಯಿತು. ಅಜ್ಜಿಗೆ ತುಳು ಬಿಟ್ಟು ಬೇರೆ ಬರುತ್ತಿರಲಿಲ್ಲ. ಅವರು ನನಗೆ ಊಟ ಬಡಿಸುತ್ತಿದ್ದರು, ತಲೆಗೆ ಎಣ್ಣೆ ಹಚ್ಚುತ್ತಿದ್ದರು, ಮಾತಾಡುತ್ತಿರಲಿಲ್ಲ. ಎರಡು ವರ್ಷ ಹೀಗೆ ನಡೆಯಿತು. ನನ್ನ ಉಗ್ಗು ಮಲಯಾಳದಲ್ಲೂ ಹಾಗೆಯೇ ಇತ್ತು. ಐದನೆಯ ತರಗತಿಗೆ ಅಪ್ಪ ನನ್ನನ್ನು ವಾಪಸು ಕನ್ನಡ ಶಾಲೆಗೆ ಸೇರಿಸಿದರು. ಅಷ್ಟರಲ್ಲಿ ಅಜ್ಜಿಯ ಹತ್ತಿರ ಮಾತಾಡುವ ಅಭ್ಯಾಸ ನನಗೂ ತಪ್ಪಿತ್ತು, ಅವರಿಗೂ ತಪ್ಪಿತ್ತು.

ಆ ಸಲಹೆ ಎಲ್ಲಿಂದ ಬಂತು? ಅದಕ್ಕೆ ಆಧಾರ ಏನಿತ್ತು? ಈ ಪ್ರಬಂಧ ಹುಟ್ಟಿದ್ದು ಆ ಪ್ರಶ್ನೆಯಿಂದ.

ಹಳೆಯ ಕಾಲದ್ದನ್ನು ಬೇಗ ದಾಟುತ್ತೇನೆ. ಗ್ರೀಕ್ ವೈದ್ಯ ಪರಂಪರೆ ಬಹುಮಟ್ಟಿಗೆ ನಾಲಗೆಯನ್ನೇ ಗುರಿ ಮಾಡಿತು. ಬಾಯಲ್ಲಿ ಬೆಣಚುಕಲ್ಲು ಇಟ್ಟುಕೊಂಡು ಮಾತು ಕಲಿತನಂತೆ ಎಂಬ ಡೆಮಾಸ್ತನೀಸನ ಕತೆಯನ್ನು ನನಗೆ ಕನಿಷ್ಠ ಹತ್ತು ಜನ ಹೇಳಿದ್ದಾರೆ, ಅದರಲ್ಲಿ ಇಬ್ಬರು ಕಲ್ಲನ್ನೂ ತಂದುಕೊಟ್ಟಿದ್ದರು. ನಮ್ಮಲ್ಲಿ ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ, ವಾತರೋಗಗಳನ್ನು ಹೇಳುವ ಮೊದಲ ಅಧ್ಯಾಯದಲ್ಲಿ ಮೂಕ, ಮಿನ್ಮಿನ, ಗದ್ಗದ ಎಂಬ ಮೂರು ಬಗೆಯ ಮಾತಿನ ತೊಡಕುಗಳು ಬರುತ್ತವೆ. ಕಫದೊಂದಿಗೆ ಸೇರಿದ ವಾಯು, ಶಬ್ದವನ್ನು ಒಯ್ಯುವ ಧಮನಿಗಳನ್ನು ಮುಚ್ಚುವುದರಿಂದ ಹೀಗಾಗುತ್ತದೆ ಎಂಬ ವಿವರಣೆ ಅಲ್ಲಿದೆ. ದೋಷ ನಾಲಗೆಯದ್ದಲ್ಲ, ಒಯ್ಯುವ ದಾರಿಯದ್ದು ಎಂಬ ಊಹೆ ನನಗೆ ಇಷ್ಟವಾಯಿತು. ಹಾಗಂತ ಇಂದಿನ ಮಿದುಳಿನ ಸ್ಕ್ಯಾನ್ ಸುಶ್ರುತನಿಗೆ ಗೊತ್ತಿತ್ತು ಎಂದು ವಾಟ್ಸಾಪಿನಲ್ಲಿ ಹಾಕಬೇಡಿ, ದಯವಿಟ್ಟು.

ನಾಲಗೆಯ ಮೇಲಿನ ಆರೋಪ ಅತಿರೇಕಕ್ಕೆ ಹೋದದ್ದು 1841ರಲ್ಲಿ. ಬರ್ಲಿನ್ನಿನ ಪ್ರಖ್ಯಾತ ಶಸ್ತ್ರವೈದ್ಯ ಯೋಹಾನ್ ಫ್ರೀಡ್ರಿಕ್ ಡೀಫೆನ್‌ಬಾಖ್ ಉಗ್ಗುವವರ ನಾಲಗೆಯ ಬುಡದಲ್ಲಿ ಅಡ್ಡಲಾಗಿ ಒಂದು ತುಂಡು ಮಾಂಸವನ್ನು ಕತ್ತರಿಸಿ ತೆಗೆದು ಹೊಲಿಗೆ ಹಾಕಲು ತೊಡಗಿದ. ಈಥರ್ ಅರಿವಳಿಕೆ ಬಳಕೆಗೆ ಬಂದದ್ದು 1846ರಲ್ಲಿ. ಅಂದರೆ ಇದೆಲ್ಲ ಪ್ರಜ್ಞೆ ಇದ್ದಾಗಲೇ ನಡೆದದ್ದು. ಫ್ರಾನ್ಸ್, ಇಂಗ್ಲೆಂಡುಗಳ ಶಸ್ತ್ರವೈದ್ಯರೂ ಕತ್ತಿ ಹಿಡಿದು ಹೊರಟರು. ಸ್ವಲ್ಪ ದಿನ ರೋಗಿಗಳ ಮಾತು ಸರಾಗವಾದಂತೆ ಕಾಣುತ್ತಿತ್ತು, ಆಮೇಲೆ ಉಗ್ಗು ವಾಪಸು ಬರುತ್ತಿತ್ತು. ಕೆಲವೇ ಕಾಲದಲ್ಲಿ ಆ ಪದ್ಧತಿ ಬಿದ್ದುಹೋಯಿತು.

ನನ್ನ ಕತೆಗೆ ಹೆಚ್ಚು ಹತ್ತಿರವಾದದ್ದು ಅಮೆರಿಕದ ಆಯೋವಾ ವಿಶ್ವವಿದ್ಯಾಲಯ. 1920ರ ದಶಕದಲ್ಲಿ ಅಲ್ಲಿ ಸ್ಯಾಮ್ಯುಯೆಲ್ ಆರ್ಟನ್ ಎಂಬ ಮನೋವೈದ್ಯ ಮತ್ತು ಲೀ ಎಡ್ವರ್ಡ್ ಟ್ರಾವಿಸ್ ಎಂಬ ಸಂಶೋಧಕ ಉಗ್ಗನ್ನು ಮೊದಲ ಬಾರಿಗೆ ಗಂಭೀರವಾಗಿ ಮಿದುಳಿನ ಪ್ರಶ್ನೆಯನ್ನಾಗಿ ಎತ್ತಿಕೊಂಡರು. ಮಾತಿನ ಆಡಳಿತ ಮಿದುಳಿನ ಎಡಭಾಗದಲ್ಲಿದೆ ಎಂದು ಫ್ರಾನ್ಸಿನ ಬ್ರೋಕಾ 1860ರ ದಶಕದಲ್ಲೇ ತೋರಿಸಿದ್ದ. ಟ್ರಾವಿಸ್‌ನ ವಾದ ಹೀಗೆ: ತುಟಿ, ನಾಲಗೆ, ದವಡೆಗೆ ಎರಡೂ ಕಡೆಯಿಂದ ಅಪ್ಪಣೆ ಬರುತ್ತದೆ, ಒಂದು ಕಡೆ ಯಜಮಾನನಂತೆ ಗಟ್ಟಿಯಾಗಿ ನಿಲ್ಲದಿದ್ದರೆ ಎರಡು ಅಪ್ಪಣೆಗಳು ಡಿಕ್ಕಿ ಹೊಡೆದು ಮಾತು ತಡವರಿಸುತ್ತದೆ. ಎಡಗೈಯ ಮಕ್ಕಳನ್ನು ಬಲಗೈಯಲ್ಲಿ ಬರೆಯಿಸಿದ್ದರಿಂದ ಹೀಗಾಗುತ್ತದೆ ಎಂದು ಅವರು ಊಹಿಸಿದರು. ಅಲ್ಲಿಗೆ ಚಿಕಿತ್ಸೆಗೆಂದು ಹೋಗಿದ್ದ ವೆಂಡೆಲ್ ಜಾನ್ಸನ್ ಎಂಬ ವಿದ್ಯಾರ್ಥಿಯ ಬಲಗೈಗೆ ಪ್ಲಾಸ್ಟರ್ ಹಾಕಿಸಿದರು, ಎಡಗೈ ಮಾತ್ರ ಬಳಸಲಿ ಎಂದು. ಅವನ ಉಗ್ಗು ಹೋಗಲಿಲ್ಲ. ಅವನು ಮುಂದೆ ಅದೇ ವಿಶ್ವವಿದ್ಯಾಲಯದ ಪ್ರಸಿದ್ಧ ಪ್ರಾಧ್ಯಾಪಕನಾದ.

ಈ ಟ್ರಾವಿಸ್, ಜಾನ್ಸನ್ ಇಬ್ಬರೂ ಜೇನ್ ಶೋವರ್ ಎಂಬವರ ಜೊತೆ ಸೇರಿ 1937ರಲ್ಲಿ ಒಂದು ಲೇಖನ ಪ್ರಕಟಿಸಿದರು. ಇಂಡಿಯಾನಾ ರಾಜ್ಯದ ಈಸ್ಟ್ ಷಿಕಾಗೋ ಉಕ್ಕಿನ ಕಾರ್ಖಾನೆಗಳ ಊರು, ವಲಸೆ ಬಂದವರೇ ತುಂಬಿದ್ದ ಊರು. ಅಲ್ಲಿನ 4,827 ಶಾಲಾ ಮಕ್ಕಳನ್ನು ಪರೀಕ್ಷಿಸಿದರು. ಒಂದೇ ಭಾಷೆಯ ಮಕ್ಕಳಲ್ಲಿ ಉಗ್ಗುವವರು ಶೇಕಡಾ 1.8, ಎರಡು ಭಾಷೆಯ ಮಕ್ಕಳಲ್ಲಿ ಶೇಕಡಾ 2.8.

ಈ ಅಂಕಿಗಳ ಮುಂದೆ ನಾನು ಬಹಳ ಹೊತ್ತು ಕೂತಿದ್ದೆ. ವ್ಯತ್ಯಾಸ ಇರುವುದು ನೂರಕ್ಕೆ ಒಂದು ಮಗುವಿನದ್ದು. ಎರಡು ಭಾಷೆಯ ಮಕ್ಕಳಲ್ಲಿ ನೂರಕ್ಕೆ 97 ಮಂದಿ ಉಗ್ಗುತ್ತಿರಲಿಲ್ಲ ಎಂಬುದೂ ಅದೇ ಅಂಕಿಯೇ ಹೇಳುವ ಮಾತು. ಅದು ಆರ್ಥಿಕ ಕುಸಿತದ ಕಾಲ. ವಲಸೆ, ಬಡತನ, ಮನೆಯೊಳಗಿನ ಆತಂಕ ಇವನ್ನೆಲ್ಲ ಭಾಷೆಯಿಂದ ಬೇರ್ಪಡಿಸಿ ನೋಡಲು ಈ ಎರಡು ಅಂಕಿಗಳಿಂದ ಬರುವುದಿಲ್ಲ. ಇನ್ನೊಂದು ತೊಡಕೂ ಇದೆ. ಎರಡನೆಯ ಭಾಷೆಯಲ್ಲಿ ಪದ ಹುಡುಕುತ್ತಾ "ಅದು... ಅದು..." ಎನ್ನುವ ಮಗುವಿಗೂ ನಿಜವಾಗಿ ಉಗ್ಗುವ ಮಗುವಿಗೂ ವ್ಯತ್ಯಾಸ ಹಿಡಿಯುವುದು ಸುಲಭವಲ್ಲ. ಅಮೆರಿಕದ ಟೆಕ್ಸಾಸಿನಲ್ಲಿ ಕರ್ಟ್‌ನಿ ಬರ್ಡ್ ಮತ್ತು ಸಂಗಡಿಗರು 2015ರಲ್ಲಿ ತೋರಿಸಿದ್ದು ಇದನ್ನೇ. ಸ್ಪಾನಿಷ್ ಮತ್ತು ಇಂಗ್ಲಿಷ್ ಎರಡನ್ನೂ ಆಡುವ, ಉಗ್ಗಿಲ್ಲದ ಮಕ್ಕಳ ಮಾತನ್ನು ಏಕಭಾಷಿಕ ಇಂಗ್ಲಿಷ್ ಮಕ್ಕಳ ಅಳತೆಗೋಲಿನಿಂದ ಅಳೆದರೆ, ಅವರೆಲ್ಲ ಉಗ್ಗುವವರಂತೆ ಕಾಣುತ್ತಾರೆ.

ನನ್ನನ್ನು ನೋಡಿದ ವೈದ್ಯರು 1937ರ ಲೇಖನವನ್ನು ಓದಿರಲಿಕ್ಕಿಲ್ಲ. ಆದರೆ ಇಂಥ ಮಾತುಗಳು ಓದದೆಯೂ ದಾಟಿ ಬರುತ್ತವೆ. 'ಇಷ್ಟು ಹೆಚ್ಚು ಕಂಡಿತು' ಎಂಬುದು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವಾಗ 'ಇದರಿಂದ ಆಯಿತು' ಎಂದಾಗುತ್ತದೆ, ಮತ್ತೊಂದು ಕೈಗೆ ಹೋಗುವಾಗ 'ಇದನ್ನು ಬಿಡಿಸಿ' ಎಂದಾಗುತ್ತದೆ. ನಮ್ಮ ಕಾಲದಲ್ಲೂ ಅದು ಪುನಃ ನಡೆಯಿತು. 2009ರಲ್ಲಿ ಲಂಡನ್ನಿನಲ್ಲಿ ಪೀಟರ್ ಹೋವೆಲ್ ಮತ್ತು ಸಂಗಡಿಗರು ಚಿಕಿತ್ಸೆಗೆ ಬಂದ ಮಕ್ಕಳನ್ನು ನೋಡಿ, ಐದು ವರ್ಷದವರೆಗೆ ಮನೆಮಾತೊಂದೇ ಆಡಿದ ಮಕ್ಕಳಿಗೆ ಉಗ್ಗಿನ ಸಂಭವ ಕಡಿಮೆ ಎಂಬ ಅರ್ಥದ ತೀರ್ಮಾನ ಕೊಟ್ಟರು. ಆಸ್ಟ್ರೇಲಿಯಾದ ಆ್ಯನ್ ಪ್ಯಾಕ್‌ಮನ್, ಮಾರ್ಕ್ ಆನ್ಸ್‌ಲೋ ಮುಂತಾದವರು ಕೂಡಲೇ ಅದನ್ನು ಪ್ರಶ್ನಿಸಿದರು: ಇಷ್ಟು ಪುರಾವೆಯಿಂದ ತಂದೆತಾಯಿಗಳಿಗೆ ಮನೆಭಾಷೆಯ ಬಗ್ಗೆ ಸಲಹೆ ಕೊಡಬಹುದೇ? ಈಗಿನ ಬಹುಪಾಲು ತಜ್ಞರ ನಿಲುವು, ಎರಡು ಭಾಷೆ ಉಗ್ಗನ್ನು ಹುಟ್ಟಿಸುತ್ತದೆ ಎನ್ನಲು ಆಧಾರ ಸಾಲದು ಎಂಬುದು. ಹಲವು ಭಾಷೆ ಬಲ್ಲ ಉಗ್ಗುವವರು ಸಾಮಾನ್ಯವಾಗಿ ಎಲ್ಲ ಭಾಷೆಗಳಲ್ಲೂ ಉಗ್ಗುತ್ತಾರೆ, ಪ್ರಮಾಣ ಮಾತ್ರ ಹೆಚ್ಚು ಕಡಿಮೆ.

ಆಯೋವಾದ ಕತೆ ಇನ್ನೂ ಮುಗಿದಿಲ್ಲ. ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಜಾನ್ಸನ್‌ಗೆ ಮಿದುಳಿನ ಸಿದ್ಧಾಂತದ ಮೇಲೆ ನಂಬಿಕೆ ಹೋಯಿತು. ಚಿಕ್ಕ ಮಕ್ಕಳೆಲ್ಲ ತಡವರಿಸುತ್ತಾರೆ. ಅದನ್ನು ಕೇಳಿ ಗಾಬರಿಯಾಗುವ ತಾಯಿತಂದೆ 'ಇದು ಉಗ್ಗು' ಎಂದು ಹೆಸರಿಟ್ಟಾಗ ಉಗ್ಗು ಹುಟ್ಟುತ್ತದೆ ಎಂದು ಅವನು ವಾದಿಸಿದ. ನಾಲಗೆ ಆಯಿತು, ಕೈ ಆಯಿತು, ಭಾಷೆ ಆಯಿತು, ಈಗ ತಾಯಿಯ ಸರದಿ. ಇದನ್ನು ಪರೀಕ್ಷಿಸಲು 1939ರಲ್ಲಿ ಅವನ ವಿದ್ಯಾರ್ಥಿನಿ ಮೇರಿ ಟ್ಯೂಡರ್ ಡೇವನ್‌ಪೋರ್ಟಿನ ಅನಾಥಾಲಯದ 22 ಮಕ್ಕಳನ್ನು ಆರಿಸಿಕೊಂಡಳು. ಅವರಲ್ಲಿ ಸರಾಗವಾಗಿ ಮಾತಾಡುತ್ತಿದ್ದ ಆರು ಮಕ್ಕಳಿಗೆ, "ನಿನಗೆ ಉಗ್ಗು ಶುರುವಾಗಿದೆ, ಸರಿಯಾಗಿ ಹೇಳಲು ಬಾರದಿದ್ದರೆ ಮಾತಾಡಲೇ ಬೇಡ" ಎಂಬ ಅರ್ಥದ ಮಾತನ್ನು ತಿಂಗಳುಗಟ್ಟಲೆ ಹೇಳಲಾಯಿತು. ಅವರಿಗೆ ಉಗ್ಗು ಅಂಟಲಿಲ್ಲ, 2002ರಲ್ಲಿ ದಾಖಲೆಗಳನ್ನು ಮರುಪರಿಶೀಲಿಸಿದ ನಿಕೊಲಿನ್ ಆ್ಯಂಬ್ರೋಸ್ ಮತ್ತು ಎಹುದ್ ಯೈರಿ ಹೇಳುವುದು ಹಾಗೆ. ಆದರೆ ಆ ಮಕ್ಕಳು ಮಾತು ಕಡಿಮೆ ಮಾಡಿದರು, ಮುದುಡಿಕೊಂಡರು. ಪ್ರಬಂಧ ಗ್ರಂಥಾಲಯದಲ್ಲಿ ಉಳಿಯಿತು. 2001ರಲ್ಲಿ ಪತ್ರಿಕೆಯೊಂದು ಹೊರಗೆಳೆದ ಮೇಲೆ ವಿಶ್ವವಿದ್ಯಾಲಯ ಕ್ಷಮೆ ಕೇಳಿತು; 2007ರಲ್ಲಿ ಆಯೋವಾ ರಾಜ್ಯ 9,25,000 ಡಾಲರ್ ಪರಿಹಾರ ಒಪ್ಪಿಕೊಂಡಿತು.

ನನಗೆ ಉಗ್ಗು ತಂದದ್ದು ಭಾಷೆಯಲ್ಲ, ತಾಯಿಯೂ ಅಲ್ಲ. ಆದರೆ ಮಾತು ಕಡಿಮೆಯಾದದ್ದು ಆ ಸಲಹೆಯ ನಂತರ. ಡೇವನ್‌ಪೋರ್ಟಿನ ಮಕ್ಕಳ ವಿಷಯ ಓದುವಾಗ ನನಗೆ ನಮ್ಮ ಮನೆಯ ಊಟದ ಹೊತ್ತು ನೆನಪಾಗುತ್ತಿತ್ತು.

ಸಾಹಿತ್ಯದ ವಿದ್ಯಾರ್ಥಿಗಳಿಗೆಂದೇ ಒಂದು ಉಪಕತೆ. ಹೆಸರಿಡುವುದರಿಂದ ಉಗ್ಗು ಹುಟ್ಟುತ್ತದೆ ಎಂದ ಮೇಲೆ, ಹೆಸರೇ ಇಲ್ಲದ ಕಡೆ ಉಗ್ಗೂ ಇರಬಾರದಲ್ಲವಾ? ಜಾನ್ಸನ್ 1944ರಲ್ಲಿ ಹಾಗೆಯೇ ಬರೆದ: ಐಡಾಹೋದ ಬ್ಯಾನಕ್ ಮತ್ತು ಶೋಶೋನಿ ಮೂಲನಿವಾಸಿಗಳಲ್ಲಿ ಉಗ್ಗಿಲ್ಲ, ಅವರ ಭಾಷೆಯಲ್ಲಿ ಅದಕ್ಕೆ ಪದವೂ ಇಲ್ಲ. ಈ ಮಾತು ದಶಕಗಟ್ಟಲೆ ಪಠ್ಯಪುಸ್ತಕಗಳಲ್ಲಿ ಓಡಾಡಿತು. ಆ ಭಾಷೆಯನ್ನು ಬಲ್ಲವರು ಹೋಗಿ ಕೇಳಿದಾಗ ಪದಗಳೂ ಸಿಕ್ಕಿದವು, ಉಗ್ಗುವವರೂ ಸಿಕ್ಕಿದರು. 1983ರಲ್ಲಿ ಅದು ಪ್ರಕಟವಾಯಿತು. ಗಡಿಯವರಾದ ನಮಗೆ ಇದು ಹೊಸತಲ್ಲ. ನಮ್ಮ ಭಾಷೆಯನ್ನು ಕೇಳದೆಯೇ ನಮ್ಮಲ್ಲಿ ಏನಿದೆ ಏನಿಲ್ಲ ಎಂದು ಹೇಳುವವರನ್ನು ನಾವು ಕಂಡಿದ್ದೇವೆ.

ಈ ಪ್ರಬಂಧದ ಸಾರಾಂಶ ಕಳಿಸಿದ ಮೇಲೆ ನಮ್ಮ ಗುಂಪಿನಲ್ಲೇ ಪದಗಳು ಬರತೊಡಗಿದವು. ಹೊಸೂರಿನ ಕಡೆಯ ಗೆಳೆಯ ತಮಿಳಿನ 'ತಿಕ್ಕುವಾಯಿ' ಎಂದ. ಆದೋನಿಯವರು ತೆಲುಗಿನ 'ನತ್ತಿ'. ಸೊಲ್ಲಾಪುರದವರು ಮರಾಠಿಯ 'ತೋತರೆ'. ಮಲಯಾಳದ 'ವಿಕ್ಕ್' ನನಗೆ ಶಾಲೆಯಲ್ಲೇ ಗೊತ್ತಿತ್ತು, ಅದನ್ನು ಬಾಯಿಪಾಠ ಮಾಡಿಸಿದವರು ಸಹಪಾಠಿಗಳು. ಕನ್ನಡದಲ್ಲಿ ಎರಡು ಉಂಟು, ಉಗ್ಗು ಮತ್ತು ತೊದಲು. 'ತೊದಲು' ಎಂದರೆ ಮಗುವಿನ ಮುದ್ದುಮಾತೂ ಹೌದು. 'ತೊದಲ್ನುಡಿ' ಎಂದು ಕವಿಗಳು ವಿನಯದಿಂದ ತಮ್ಮ ಕಾವ್ಯಕ್ಕೇ ಹೇಳಿಕೊಳ್ಳುತ್ತಾರೆ. 'ಉಗ್ಗ' ಎಂದು ಯಾವ ಕವಿಯೂ ತನ್ನನ್ನು ಕರೆದುಕೊಂಡದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಈಗ ನರವಿಜ್ಞಾನಕ್ಕೆ ಬರುತ್ತೇನೆ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಮಿದುಳಿನ ಪ್ರಶ್ನೆ ಹಿಂದೆ ಸರಿದಿತ್ತು. ಜೀವಂತ ಮಿದುಳು ಮಾತಾಡುವುದನ್ನು ನೋಡುವ ಯಂತ್ರ ಬಂದ ಮೇಲೆ, 1990ರ ದಶಕದಲ್ಲಿ, ಅದು ಪುನಃ ಎದ್ದು ಬಂತು. 1996ರಲ್ಲಿ ಟೆಕ್ಸಾಸಿನ ಪೀಟರ್ ಫಾಕ್ಸ್ ಮತ್ತು ಸಂಗಡಿಗರು ಉಗ್ಗುವವರನ್ನು ಪೆಟ್ ಸ್ಕ್ಯಾನಿನಲ್ಲಿ ಮಲಗಿಸಿ ಎರಡು ಬಗೆಯಲ್ಲಿ ಓದಿಸಿದರು, ಒಮ್ಮೆ ಒಂಟಿಯಾಗಿ, ಒಮ್ಮೆ ಇನ್ನೊಂದು ದನಿಯ ಜೊತೆಗೆ. ಒಂಟಿಯಾಗಿ ಓದುವಾಗ ಮಿದುಳಿನ ಬಲಭಾಗದ ಚಲನೆಯ ಪ್ರದೇಶಗಳು ಅತಿಯಾಗಿ ದುಡಿಯುತ್ತಿದ್ದವು; ತನ್ನ ಮಾತನ್ನು ತಾನೇ ಕೇಳಿಸಿಕೊಳ್ಳುವ ಪ್ರದೇಶ ಬಹುಪಾಲು ಮೌನವಾಗಿತ್ತು. ಜೊತೆಯಾಗಿ ಓದುವಾಗ ಉಗ್ಗು ನಿಂತಿತು, ಮಿದುಳಿನ ಚಿತ್ರವೂ ಬಹುಮಟ್ಟಿಗೆ ಬೇರೆಯವರ ಚಿತ್ರದಂತಾಯಿತು. ಟ್ರಾವಿಸ್ ಎಡ ಬಲದ ಜಗಳ ಎಂದು 70 ವರ್ಷ ಹಿಂದೆ ಹೇಳಿದ್ದರಲ್ಲಿ ಏನೋ ಸ್ವಲ್ಪ ನಿಜ ಇತ್ತು, ಪ್ಲಾಸ್ಟರ್ ಮಾತ್ರ ತಪ್ಪು.

ಇದನ್ನು ಓದಿದ ದಿನ ನಾನು ಜೋರಾಗಿ ನಕ್ಕೆ. ನಮ್ಮ ಭಜನಾ ಮಂದಿರದಲ್ಲಿ ಶನಿವಾರ ನಾನು ಹಾಡುತ್ತಿದ್ದೆ. ತರಗತಿಯಲ್ಲಿ ಎಲ್ಲರ ಜೊತೆ ಮಗ್ಗಿ ಹೇಳುತ್ತಿದ್ದೆ. ಒಂದು ಅಕ್ಷರವೂ ನಿಲ್ಲುತ್ತಿರಲಿಲ್ಲ. ನಮ್ಮದು ಪಾರ್ತಿಸುಬ್ಬನ ಊರು, ಯಕ್ಷಗಾನದ ಪದ ಹೇಳುವಾಗಲೂ ಹಾಗೆಯೇ, ಚೆಂಡೆ ಬಿದ್ದರೆ ನನ್ನ 'ಕ' ಕೂಡ ಸಲೀಸಾಗಿ ಹೊರಗೆ ಬರುತ್ತದೆ. ತಾಳಮದ್ದಳೆಯಲ್ಲಿ ಅರ್ಥ ಹೇಳು ಎಂದರೆ ಮುಗಿಯಿತು. "ಹಾಡುವಾಗ ಇಲ್ಲದ್ದು ಮಾತಾಡುವಾಗ ಎಲ್ಲಿಂದ ಬರ್ತದೆ? ಎಲ್ಲ ನಾಟಕ" ಎಂದು ಒಬ್ಬ ಮಾಷ್ಟ್ರು ಕೋಲು ಮುರಿಯುವವರೆಗೆ ಹೊಡೆದಿದ್ದರು. ಈಗ ವಿವರಣೆ ಇದೆ. ಮಾತಿನ ಒಂದೊಂದು ಚಲನೆಯನ್ನೂ ಸರಿಯಾದ ಕ್ಷಣಕ್ಕೆ ಹೊರಡಿಸುವ ಕೆಲಸದಲ್ಲಿ ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ಗಂಟುಗಳಿಗೆ ದೊಡ್ಡ ಪಾತ್ರವಿದೆ. ಒಳಗಿನ ಆ ತಾಳ ತಪ್ಪಿದವರಿಗೆ ಹೊರಗಿನ ತಾಳ ಆಸರೆಯಾಗುತ್ತದೆ ಎಂದು ಹಲವು ಸಂಶೋಧಕರು ಭಾವಿಸುತ್ತಾರೆ. ಮಾಷ್ಟ್ರ ಮೇಲೆ ಈಗ ನನಗೆ ಸಿಟ್ಟಿಲ್ಲ ಅಂತ ಹೇಳಿದರೆ ಅದು ಸುಳ್ಳು.

2002ರಲ್ಲಿ ಜರ್ಮನಿಯ ಮಾರ್ಟಿನ್ ಸೊಮರ್ ಮತ್ತು ಸಂಗಡಿಗರು ಎಂಆರ್‌ಐಯ ಒಂದು ಹೊಸ ವಿಧಾನದಿಂದ 15 ಮಂದಿ ಉಗ್ಗುವವರ ಮಿದುಳಿನ ನರತಂತುಗಳನ್ನು ನೋಡಿದರು. ಎಡಭಾಗದಲ್ಲಿ, ಬಾಯಿ, ನಾಲಗೆ, ಗಂಟಲನ್ನು ಆಳುವ ಪ್ರದೇಶದ ಕೆಳಗೆ, ತಂತುಗಳ ಜೋಡಣೆ ಬೇರೆಯವರಷ್ಟು ಬಿಗಿಯಾಗಿರಲಿಲ್ಲ. ನಮ್ಮ ಕಡೆಯವರಿಗೆ ಇದನ್ನು ಹೀಗೆ ಹೇಳಬಹುದು. ಮುರಕಲ್ಲಿನ ಗುಡ್ಡದೊಳಗೆ ಸುರಂಗ ಕೊರೆದು ನೀರು ತರುತ್ತೇವೆ. ಗುಡ್ಡದಲ್ಲಿ ನೀರಿದೆ, ಅಂಗಳದ ತೊಟ್ಟಿಯೂ ಸರಿಯಾಗಿದೆ. ನಡುವೆ ಅಡಿಕೆ ಮರದ ದಂಬೆ ಒಂದು ಕಡೆ ಸರಿಯಾಗಿ ಕೂತಿಲ್ಲ. ತೊಟ್ಟಿಯನ್ನು ಕೆತ್ತಿ ಪ್ರಯೋಜನವಿಲ್ಲ, ಡೀಫೆನ್‌ಬಾಖ್ ಮಾಡಿದ್ದು ಅದನ್ನೇ.

ಆದರೆ ಇಲ್ಲೊಂದು ಕೇಳಲೇಬೇಕಾದ ಪ್ರಶ್ನೆ ಇತ್ತು. ಈ ವ್ಯತ್ಯಾಸ ಉಗ್ಗಿನ ಕಾರಣವೋ, 20 ವರ್ಷ ಉಗ್ಗಿದ್ದರ ಪರಿಣಾಮವೋ? ದೊಡ್ಡವರನ್ನೇ ನೋಡುತ್ತಿದ್ದರೆ ಗೊತ್ತಾಗುವುದಿಲ್ಲ. ಅಮೆರಿಕದಲ್ಲಿ ಸೂ-ಯುನ್ ಚಾಂಗ್ ಮತ್ತು ಸಂಗಡಿಗರು 2008ರಿಂದ ಮಕ್ಕಳ ಮಿದುಳನ್ನು, ಆಮೇಲೆ ಅದೇ ಮಕ್ಕಳನ್ನು ವರ್ಷ ವರ್ಷ ನೋಡುತ್ತಾ ಬಂದರು. ಎಡಭಾಗದ ತಂತುಗಳ ವ್ಯತ್ಯಾಸ ಮಕ್ಕಳಲ್ಲೂ ಕಂಡಿತು. ಉಗ್ಗು ಬಿಟ್ಟುಹೋದ ಮಕ್ಕಳಲ್ಲಿ ಅದರ ಬೆಳವಣಿಗೆ ಒಂದು ಬಗೆ, ಉಳಿದವರಲ್ಲಿ ಇನ್ನೊಂದು ಬಗೆ. ಮಕ್ಕಳಲ್ಲಿ ಸುಮಾರು ಶೇಕಡಾ 5ರಷ್ಟು ಮಂದಿ ಯಾವುದೋ ಒಂದು ಹಂತದಲ್ಲಿ ಉಗ್ಗುತ್ತಾರೆ, ಬಹುಪಾಲು ಎರಡರಿಂದ ಐದು ವರ್ಷದೊಳಗೆ ಶುರು. ದೊಡ್ಡವರಾಗುವಾಗ ಉಳಿಯುವುದು ಶೇಕಡಾ 1ರಷ್ಟು. ಬಜೆ ನೆಕ್ಕಿಸಿದ್ದರಿಂದ ಹೋಯಿತು ಎಂದು ನಂಬುವವರು ಇಷ್ಟು ಜನ ಯಾಕಿದ್ದಾರೆ ಎಂಬುದಕ್ಕೂ ಈ ಲೆಕ್ಕದಲ್ಲೇ ಉತ್ತರ ಉಂಟು.

ಮಾವನ ವಿಷಯ. ಉಗ್ಗು ಕುಟುಂಬಗಳಲ್ಲಿ ಬರುತ್ತದೆ ಎಂಬುದನ್ನು ಅವಳಿಗಳ ಅಧ್ಯಯನಗಳು ಗಟ್ಟಿಮಾಡಿವೆ. 2010ರಲ್ಲಿ ಅಮೆರಿಕದ ಡೆನಿಸ್ ಡ್ರೇನಾ ಅವರ ತಂಡ, ಪಾಕಿಸ್ತಾನದ ಕುಟುಂಬಗಳಿಂದ ಹೊರಟು, ಉಗ್ಗಿಗೆ ನಂಟಿರುವ ಮೂರು ವಂಶವಾಹಿಗಳನ್ನು ಗುರುತಿಸಿತು. ಜೀವಕೋಶದ ಕಸ ವಿಲೇವಾರಿಗೆ ಸಂಬಂಧಿಸಿದ ವಂಶವಾಹಿಗಳವು. ಉಗ್ಗುವವರಲ್ಲಿ ಸಣ್ಣ ಭಾಗಕ್ಕೆ ಮಾತ್ರ ಇದು ವಿವರಣೆ. ಆದರೂ ಅಣಕಿಸಿದ್ದರಿಂದ ಬಂತು ಎಂಬ ಆರೋಪ ತಲೆಯ ಮೇಲಿಂದ ಇಳಿಯಲು ನನಗೆ ಅಷ್ಟು ಸಾಕಾಯಿತು. ಮಾವನಿಗೆ ಫೋನ್ ಮಾಡಿ ಹೇಳಿದೆ. ಇಬ್ಬರೂ ಉಗ್ಗುತ್ತಾ ಮಾತಾಡಿದ್ದರಿಂದ ಕರೆ ದೀರ್ಘವಾಯಿತು.

ಇಷ್ಟೆಲ್ಲ ತಿಳಿದ ಮೇಲೆ ಚಿಕಿತ್ಸೆ ಎಲ್ಲಿಗೆ ಬಂದಿದೆ? ಮಾತ್ರೆಯ ವಿಷಯ ಕೇಳುವವರಿಗೆ: ಡೋಪಮಿನ್ ರಾಸಾಯನಿಕವನ್ನು ತಡೆಯುವ ಔಷಧಿಗಳನ್ನು ಪರೀಕ್ಷಿಸಿದ್ದಾರೆ, ಉಗ್ಗಿಗೆಂದೇ ಅಮೆರಿಕದ ಔಷಧ ನಿಯಂತ್ರಕರು ಒಪ್ಪಿದ ಔಷಧಿ ಒಂದೂ ಇಲ್ಲ. ಆಕ್ಸ್‌ಫರ್ಡಿನಲ್ಲಿ ಕೇಟ್ ವಾಟ್ಕಿನ್ಸ್ ಅವರ ತಂಡ 2018ರಲ್ಲಿ 30 ಗಂಡಸರ ಮೇಲೆ ಒಂದು ಪ್ರಯೋಗ ಪ್ರಕಟಿಸಿತು. ತಲೆಯ ಎಡಭಾಗದ ಮೇಲೆ ದಿನಕ್ಕೆ 20 ನಿಮಿಷ ಒಂದು ಮಿಲಿಆಂಪಿಯರಿನಷ್ಟು ಅತ್ಯಲ್ಪ ವಿದ್ಯುತ್ತು ಹಾಯಿಸುತ್ತಾ, ಅದೇ ಹೊತ್ತಿಗೆ ಜೊತೆಯಾಗಿ ಓದುವುದು, ತಾಳಕ್ಕೆ ಸರಿಯಾಗಿ ಮಾತಾಡುವುದು, ಐದು ದಿನ. ಬರಿಯ ತೋರಿಕೆಯ ವಿದ್ಯುತ್ತು ಪಡೆದವರಿಗಿಂತ ಇವರ ಉಗ್ಗು ಒಂದು ವಾರದ ನಂತರ ಕಡಿಮೆಯಾಗಿತ್ತು. ಭರವಸೆಯ ಕೆಲಸ, ಆದರೆ ಮನೆಯಲ್ಲಿ ಬ್ಯಾಟರಿ ಕಟ್ಟಿಕೊಳ್ಳುವ ಹಂತ ಅಲ್ಲ. ಜರ್ಮನಿಯಲ್ಲಿ ಕಾಟ್ರಿನ್ ನಾಯ್ಮನ್ ಮುಂತಾದವರು ತೀವ್ರ ಮಾತಿನ ತರಬೇತಿಯ ಮೊದಲು, ನಂತರ ಸ್ಕ್ಯಾನ್ ಮಾಡಿ ನೋಡಿದಾಗ, ತರಬೇತಿಯ ನಂತರ ಎಡಭಾಗದ ಚಟುವಟಿಕೆ ಹೆಚ್ಚಿತ್ತು. ಅಂದರೆ ಮಾತಿನ ಅಭ್ಯಾಸವೂ ಮಿದುಳಿನ ಚಿಕಿತ್ಸೆಯೇ.

ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದು ಸಿಡ್ನಿಯ ಲಿಡ್‌ಕಂಬ್ ಎಂಬ ಜಾಗದ ಹೆಸರಿನ ಕ್ರಮ. ಆರು ವರ್ಷದೊಳಗಿನ ಮಕ್ಕಳಿಗೆ ಅದು. ಅಲ್ಲಿ ಚಿಕಿತ್ಸೆ ಕೊಡುವವರು ತಾಯಿ ಅಥವಾ ತಂದೆ. ತಜ್ಞರು ಅವರಿಗೆ ಕಲಿಸುತ್ತಾರೆ. ಮಗು ಸರಾಗವಾಗಿ ಒಂದು ಮಾತು ಹೇಳಿದಾಗ ಮೆಚ್ಚುಗೆ, ಆಗೊಮ್ಮೆ ಈಗೊಮ್ಮೆ ಮಾತ್ರ ಮೃದುವಾಗಿ ತಿದ್ದುವುದು. 2005ರಲ್ಲಿ ನ್ಯೂಜಿಲೆಂಡಿನ 54 ಮಕ್ಕಳಲ್ಲಿ ಪರೀಕ್ಷಿಸಿದಾಗ ಇದಕ್ಕೆ ಒಳ್ಳೆಯ ಫಲ ಸಿಕ್ಕಿತು. ಜಾನ್ಸನ್ ಆರೋಪಿಯನ್ನಾಗಿ ನಿಲ್ಲಿಸಿದ್ದ ತಾಯಿಯೇ ಇಲ್ಲಿ ವೈದ್ಯೆ. ಆದರೆ ತಾಯಿ ಯಾವ ಭಾಷೆಯಲ್ಲಿ ಮೆಚ್ಚುತ್ತಾಳೆ? ಮನೆಮಾತನ್ನೇ ಬಿಡಿಸಿದರೆ ಈ ಚಿಕಿತ್ಸೆಯ ದಾರಿಯೂ ಮುಚ್ಚುತ್ತದೆ.

ನಮ್ಮ ಗಡಿಯ ಪ್ರಶ್ನೆ ಇಲ್ಲಿದೆ. ಭಾರತದಲ್ಲಿ ಮಾತು ಮತ್ತು ಶ್ರವಣದ ದೊಡ್ಡ ಸಂಸ್ಥೆ ಇರುವುದು ಮೈಸೂರಿನಲ್ಲಿ, 1965ರಲ್ಲಿ ಶುರುವಾದದ್ದು. ಕೇರಳದ ಸಂಸ್ಥೆ ತಿರುವನಂತಪುರದಲ್ಲಿ, ನಮ್ಮ ರಾಜ್ಯದ ಮತ್ತೊಂದು ತುದಿ. 19ನೆಯ ವರ್ಷದಲ್ಲಿ ನಾನು ಕೊನೆಗೂ ಒಂದು ಕೇಂದ್ರಕ್ಕೆ ಹೋದಾಗ ಅಲ್ಲಿನ ಸ್ಪೀಚ್ ಥೆರಪಿಸ್ಟ್ ಮೇಡಂ ಮೊದಲು ಕೇಳಿದ್ದು: "ಯಾವ ಭಾಷೆಯಲ್ಲಿ ಹೆಚ್ಚು ಉಗ್ಗುತ್ತೀರಿ, ಯಾವುದರಲ್ಲಿ ಕಡಿಮೆ?" ಹದಿನೈದು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಕನ್ನಡದಲ್ಲಿ ಒಂದು ಪುಟ ಓದಿಸಿದರು, ಮಲಯಾಳದಲ್ಲಿ ಮಾತಾಡಿಸಿದರು. ಅವರಿಗೆ ತುಳು ಬಾರದು, ಅಮ್ಮನಿಗೆ ಫೋನ್ ಮಾಡಿ ಮಾತಾಡಲು ಹೇಳಿ ಕೇಳಿಸಿಕೊಂಡರು. ಅತಿ ಹೆಚ್ಚು ಉಗ್ಗಿದ್ದು ಕನ್ನಡದಲ್ಲಿ, ಯಾಕೆಂದರೆ ಅದು ನನಗೆ ಪರೀಕ್ಷೆಯ, ವೇದಿಕೆಯ ಭಾಷೆ. ಅತಿ ಕಡಿಮೆ ತುಳುವಿನಲ್ಲಿ. ಅಭ್ಯಾಸವನ್ನು ಅಲ್ಲಿಂದಲೇ ಶುರುಮಾಡೋಣ ಅಂದರು. ವೈದ್ಯರು ಬಿಡಿಸಿದ್ದ ಭಾಷೆ ಅದು.

ಕೊನೆಗೆ ನಮ್ಮವರಿಗೂ ಒಂದು ಮಾತು ಹೇಳಬೇಕು. 2017ರಲ್ಲಿ ಕೇರಳ ಸರ್ಕಾರ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯ ಮಾಡಿದಾಗ ಕಾಸರಗೋಡಿನಲ್ಲಿ ನಾವು ಪ್ರತಿಭಟಿಸಿದೆವು. ಪ್ರೌಢಶಾಲೆಯ ಹುಡುಗರ ಜೊತೆ ನಾನೂ ಹೋಗಿದ್ದೆ. ಅಲ್ಲಿ ಭಾಷಣ ಮಾಡಿದ ಒಬ್ಬರು, "ಬಾರದ ಭಾಷೆ ಹೇರಿದರೆ ನಮ್ಮ ಮಕ್ಕಳು ತೊದಲಿ ಹೋಗ್ತಾರೆ" ಅಂದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಈಗ ಯೋಚಿಸಿದರೆ ಅದು ಆ ವೈದ್ಯರ ಮಾತೇ, ದಿಕ್ಕು ಮಾತ್ರ ಬೇರೆ. ಕನ್ನಡದಲ್ಲಿ ಕಲಿಯುವ ಹಕ್ಕಿಗೆ ಸಂವಿಧಾನ ಇದೆ, ಚರಿತ್ರೆ ಇದೆ, ನಮ್ಮ ಬದುಕೇ ಇದೆ. ಉಗ್ಗುವ ಮಗುವನ್ನು ಅದಕ್ಕೆ ಸಾಕ್ಷಿಯಾಗಿ ನಿಲ್ಲಿಸಬೇಡಿ. ಇವತ್ತು ಆ ಸಾಕ್ಷಿಯನ್ನು ಮಲಯಾಳದ ವಿರುದ್ಧ ಬಳಸಿದರೆ, ನಾಳೆ ಯಾವುದೋ ಆಸ್ಪತ್ರೆಯಲ್ಲಿ ಅದೇ ಸಾಕ್ಷಿಯನ್ನು ಕನ್ನಡದ ವಿರುದ್ಧ ಬಳಸುತ್ತಾರೆ, ತುಳುವಿನ ವಿರುದ್ಧ ಬಳಸುತ್ತಾರೆ.

ಅಕ್ಕಲಕೋಟೆ, ಜತ್ತ, ರಾಯದುರ್ಗ, ತಾಳವಾಡಿ, ನೀಲಗಿರಿ ಕಡೆಯವರು ಇಲ್ಲಿದ್ದೀರಿ. ನಿಮ್ಮಲ್ಲಿ ಯಾರಿಗಾದರೂ, ನಿಮ್ಮ ಮನೆಯ ಮಕ್ಕಳಿಗಾದರೂ, ಉಗ್ಗಿನ ಕಾರಣಕ್ಕೆ ಒಂದು ಭಾಷೆ ಬಿಡಿಸಿದ್ದುಂಟಾ? ಯಾವ ಭಾಷೆ ಬಿಡಿಸಿದರು, ಯಾವುದನ್ನು ಉಳಿಸಿದರು, ಯಾರು ಹೇಳಿದ್ದು, ಮನೆಯಲ್ಲಿ ಯಾರ ಜೊತೆ ಮಾತು ನಿಂತಿತು? ಬರೆದು ಕಳಿಸಿ, ಇಲ್ಲವೇ ವಾಯ್ಸ್ ಮೆಸೇಜ್ ಹಾಕಿ, ಎಷ್ಟು ಉದ್ದವಾದರೂ ಆಗಲಿ, ನಾನು ಕೇಳುತ್ತೇನೆ. ಈಗ ಪ್ರಶ್ನೆಗಳಿದ್ದರೆ ಕೇಳಿ. ಚಾಟಿನಲ್ಲಿ ಬರೆದು ಉತ್ತರಿಸಬಹುದು ಎಂದು ಅಧ್ಯಕ್ಷರು ಹೇಳಿದ್ದಾರೆ, ಅವರಿಗೆ ಧನ್ಯವಾದ. ಆದರೆ ನಾನು ಮಾತಿನಲ್ಲೇ ಉತ್ತರಿಸುತ್ತೇನೆ.